ಎಣ್ಣೆಯ ಲೆಕ್ಕ ಮುಗಿಯಿತು: ಕೆಲವರಿಗೆ ನಮಸ್ಕಾರ

ಕರ್ನಾಟಕದ ಕೈಗಾರಿಕೆಗಳಲ್ಲಿ ಬಳಕೆಯಾಗುವ ಲೂಬ್ರಿಕೆಂಟ್ (ಯಂತ್ರಗಳ ಸವೆತ ತಪ್ಪಿಸಲು ಹಾಕುವ) ಎಣ್ಣೆಗಳಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂಬ ನನ್ನ ಪ್ರಬಂಧವನ್ನು ಕಳೆದ ವಾರ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದೆ. ನಾಲ್ಕು ವರ್ಷ ನನ್ನ ಬಾಯಿಂದ ಎಣ್ಣೆಯ ಮಾತನ್ನಷ್ಟೇ ಕೇಳಿ ಸಹಿಸಿಕೊಂಡ ನಿಮಗೆ ಅದರ ವಿವರಗಳನ್ನು ಮತ್ತೆ ಹೇಳಿ ಪೀಡಿಸುವುದಿಲ್ಲ. ಮಾರ್ಗದರ್ಶಕರು, ಪ್ರಯೋಗಾಲಯದ ಗೆಳೆಯರು, ಬಾಗಿಲು ತೆರೆದ ಕಾರ್ಖಾನೆಗಳವರು, ಮಗುವನ್ನು ತಿಂಗಳುಗಟ್ಟಲೆ ನೋಡಿಕೊಂಡ ನಮ್ಮ ಅತ್ತೆಯವರು, ಇವರೆಲ್ಲರಿಗೂ ಒಂದೇ ವಾಕ್ಯದಲ್ಲಿ ನಮಸ್ಕಾರ ಹೇಳುತ್ತಿದ್ದೇನೆ, ಕ್ಷಮಿಸಬೇಕು. ಉಳಿದ ಜಾಗವೆಲ್ಲ ಪೀಣ್ಯದ ಒಬ್ಬ ಸ್ಟೋರ್‌ಕೀಪರಿಗೆ ಸಲ್ಲಬೇಕು.

ಹೆಸರು ಬರೆಯಕೂಡದೆಂದು ಅವರು ಮಾತು ತೆಗೆದುಕೊಂಡಿದ್ದಾರೆ. ನನಗೆ ಅವರು ಸ್ಟೋರಿನ ಅಣ್ಣ.

ಕರಡು ಒಪ್ಪಿಸಲು ಎರಡೇ ದಿನ ಉಳಿದಿದ್ದಾಗ, ಸಣ್ಣ ಕಾರ್ಖಾನೆಗಳ ಮೊತ್ತ ನನಗೇ ನಂಬಲಾಗದಷ್ಟು ದೊಡ್ಡದಾಗಿ ಕಂಡಿತು. ಸಂಜೆ ಪೀಣ್ಯಕ್ಕೆ ಓಡಿದೆ. ಪಾಳಿ ಮುಗಿದು ಮನೆಗೆ ಹೊರಟಿದ್ದ ಅಣ್ಣ ಚಪ್ಪಲಿ ಕಳಚಿ ಮತ್ತೆ ಒಳಗೆ ಕೂತು, ಒಂದೊಂದೇ ಪುಸ್ತಕ ತೆಗೆದು ನನ್ನ ಪಟ್ಟಿಯ ಜೊತೆ ಇಟ್ಟು ನೋಡತೊಡಗಿದರು. ಹನ್ನೊಂದು ಗಂಟೆಯ ಹೊತ್ತಿಗೆ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು: "ಏನಮ್ಮಾ, ಇದು ಬ್ಯಾರೆಲ್ ಬಂದದ್ದು, ಇದು ಅದೇ ಬ್ಯಾರೆಲಿಂದ ಡಬ್ಬದಲ್ಲಿ ಮೆಷಿನ್‌ಗೆ ಕೊಟ್ಟದ್ದು. ಎರಡನ್ನೂ ಕೂಡಿಸಿಬಿಟ್ಟಿದ್ದೀರಲ್ಲ!"

ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞ ಸಮಿತಿಯಾದ ಐಪಿಸಿಸಿಯ 2006ರ ಮಾರ್ಗಸೂಚಿಯ ಪ್ರಕಾರ ಎಣ್ಣೆಯಲ್ಲಿರುವ ಇಂಗಾಲದ ನೂರಕ್ಕೆ 20 ಪಾಲು ಬಳಕೆಯಲ್ಲಿಯೇ ಉರಿದುಹೋಗುತ್ತದೆಂದು, ಗ್ರೀಸ್ ಆದರೆ 5 ಪಾಲೆಂದು ಹಿಡಿಯುತ್ತೇವೆ. ಒಂದು ಟನ್ ಎಣ್ಣೆಗೆ ಸುಮಾರು 590 ಕಿಲೋ ಡೈಆಕ್ಸೈಡ್. ಹಾಗಾಗಿ 210 ಲೀಟರಿನ ಒಂದು ಬ್ಯಾರೆಲನ್ನು ಎರಡು ಸಲ ಎಣಿಸಿದರೆ ಎಲ್ಲೂ ಇಲ್ಲದ 110 ಕಿಲೋದಷ್ಟು ಅನಿಲ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ. ಇಂಥ ಪುಸ್ತಕ ಇಟ್ಟಿದ್ದ ಪ್ರತಿಯೊಂದು ಕಾರ್ಖಾನೆಯ ಲೆಕ್ಕದಲ್ಲೂ ನಾನು ಅದನ್ನೇ ಮಾಡಿದ್ದೆ.

ನಾನು ಅತ್ತುಬಿಟ್ಟೆ. ಸದ್ದು ಮಾಡಿಯೇ ಅತ್ತುಬಿಟ್ಟೆ. ಅಷ್ಟು ವರ್ಷ ಮಗುವನ್ನು ಬಿಟ್ಟು ತಿರುಗಿದ್ದು ಇದಕ್ಕಾಗಿಯೇ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಣ್ಣ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ; ಕಾಟನ್ ವೇಸ್ಟಿನಿಂದ ಕೈ ಒರೆಸಿಕೊಂಡು, ಫ್ಲಾಸ್ಕಿನ ಟೀ ಬಗ್ಗಿಸಿ ಕೊಟ್ಟು, ಮುಂದಿನ ಪುಸ್ತಕ ಎಳೆದುಕೊಂಡರು.

ಮೂರು ಗಂಟೆಗೆ ಅವರೇ ಕೇಳಿದರು: "ಇಪ್ಪತ್ತು ಉರಿದರೆ ಉಳಿದ ಎಂಬತ್ತು ಎಲ್ಲಿ?" ಉತ್ತರಕ್ಕೆ ಕಾಯದೆ ರಾತ್ರಿ ಪಾಳಿ ನಡೆಯುತ್ತಿದ್ದ ಶೆಡ್ಡಿಗೆ ಕರೆದೊಯ್ದರು. ಲೇತ್‌ನ ಕೆಳಗೆ ಹರಡಿದ್ದ ಮರದ ಹೊಟ್ಟು ಎಣ್ಣೆ ಕುಡಿದು ಕಪ್ಪಾಗಿತ್ತು; ತೊಟ್ಟಿಯಲ್ಲಿ ಲೋಹದ ಚೂರುಗಳಿಂದ ತೊಟ್ಟಿಕ್ಕುತ್ತಿತ್ತು; ಮೂಲೆಯಲ್ಲಿ ವೇಸ್ಟ್ ಆಯಿಲ್ ಬ್ಯಾರೆಲ್ ಅರ್ಧ ತುಂಬಿತ್ತು. ಬಳಸಿದ ಎಣ್ಣೆಯನ್ನು ಕುಲುಮೆಯಲ್ಲಿ ಉರಿಸಿದರೆ ಆ ಹೊಗೆ ಇಂಧನದ ಖಾತೆಗೆ ಸೇರಬೇಕೇ ಹೊರತು ನನ್ನ ಖಾತೆಗಲ್ಲ ಎಂಬುದನ್ನು ಎಷ್ಟೋ ಸಲ ಓದಿದ್ದೆ. ಆ ಬ್ಯಾರೆಲಿನ ಮುಂದೆ ನಿಂತಾಗ ಅರ್ಥವಾಯಿತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಎಣ್ಣೆಯನ್ನು ಪರವಾನಗಿ ಇದ್ದವರಿಗೇ ಕೊಡಬೇಕಾದ್ದರಿಂದ, ಸಾಗಿಸಿದ್ದಕ್ಕೆಲ್ಲ ಅಣ್ಣನ ಬಳಿ ಕಾಗದವಿತ್ತು. ಬಂದದ್ದು, ಮೆಷಿನ್‌ಗೆ ಹೋದದ್ದು, ವೇಸ್ಟಾಗಿ ಹೊರಟದ್ದು, ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯುವ ಕೋಷ್ಟಕವನ್ನು ಆ ಬೆಳಗಿನ ಜಾವ ಹಳೆಯ ಇನ್‌ವಾಯ್ಸಿನ ಹಿಂಬದಿಯಲ್ಲಿ ಗೀಚಿದವರು ಅವರೇ. ಪ್ರಬಂಧದ ನಾಲ್ಕನೆಯ ಅಧ್ಯಾಯ ಅದರ ಮೇಲೆ ನಿಂತಿದೆ. ಕರಡು ಹನ್ನೆರಡು ದಿನ ತಡವಾಗಿ ಹೋಯಿತು.

ಅಣ್ಣ ಮುಂದಿನ ತಿಂಗಳು ನಿವೃತ್ತರಾಗುತ್ತಾರೆ. ಸ್ಟೋರಿನ ಲೆಕ್ಕ ಕಂಪ್ಯೂಟರಿಗೆ ಹೋಗಲಿದೆ. ಹಳೆಯ ಪುಸ್ತಕಗಳನ್ನು ನನಗೆ ಕೊಡಬಹುದೇ ಎಂದು ಕೇಳಿದಾಗ ಮಾಲೀಕರನ್ನು ವಿಚಾರಿಸಿ ಫೋನ್ ಮಾಡಿದರು: "ಶನಿವಾರ ಗುಜರಿಯವನು ಬರುತ್ತಾನೆ, ಅದಕ್ಕೆ ಮುಂಚೆ ಬನ್ನಿ." ಶುಕ್ರವಾರವೇ ಆಟೋ ಹೇಳಿದ್ದೇನೆ.