ದೂರದ ಗುರಿಗೆ ಸೆಮಿ ಆಟೋಮ್ಯಾಟಿಕ್ ಯಾಕೆ?

ಸಂಪಾದಕರೇ,

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಮೇಲೆ ಜತ್ತ ಕಡೆಯ ಹುಡುಗರಿಗೂ ಶೂಟಿಂಗ್ ಹುಚ್ಚು ಹಿಡಿದಿದೆ. ಒಳ್ಳೆಯದೇ. ಆದರೆ ಎಲ್ಲರ ಬಾಯಲ್ಲೂ ಸೆಮಿ ಆಟೋಮ್ಯಾಟಿಕ್ ರೈಫಲ್ಲೇ! ಕುಸಾಳೆ ಗೆದ್ದ ಸ್ಪರ್ಧೆಯಲ್ಲಿ ಒಂದೊಂದೇ ಗುಂಡು ತುಂಬಿ ಹೊಡೆಯಬೇಕು. ಸೆಮಿ ಆಟೋಮ್ಯಾಟಿಕ್‌ನಲ್ಲಿ ಗುಂಡು ಹಾರಿದ ಕೂಡಲೇ ಒಳಗಿನ ಭಾಗಗಳು ತಾವೇ ಹಿಂದೆ ಮುಂದೆ ಓಡಾಡಿ ಮುಂದಿನ ಗುಂಡು ತುಂಬುತ್ತವೆ, ಈ ಅಲುಗಾಟ ದೂರದ ಗುರಿಗೆ ತೊಡಕಾಗಬಹುದು. ಅಲ್ಲಿ ವೇಗಕ್ಕಿಂತ ಒಳ್ಳೆಯ ಬ್ಯಾರೆಲ್, ಹಗುರ ಟ್ರಿಗರ್, ಒಂದೇ ಲಾಟಿನ (ಒಟ್ಟಿಗೆ ತಯಾರಾದ) ಗುಂಡು ಜಾಸ್ತಿ ಮುಖ್ಯ, ಅಲ್ವಾ? ಲೈಸೆನ್ಸ್ ರಗಳೆ ಬೇರೆ. ಸುಮ್ನೆ ಅದಕ್ಕೆ ರೊಕ್ಕ ಕೂಡಿಸುವ ಬದಲು ಗಾಳಿಯ ಒತ್ತಡದಿಂದ ಹೊಡೆಯುವ 10 ಮೀಟರ್ ಏರ್ ರೈಫಲ್ ಹಿಡಿಯಲಿ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ತಂದದ್ದು ಅದರಲ್ಲೇ. ಸರಕಾರ ತಾಲೂಕಿಗೊಂದು ಏರ್ ರೈಫಲ್ ರೇಂಜ್ ಮಾಡಿಕೊಡಲಿ ಎಂದು ನೀವೂ ಬರೆಯಿರಿ.

ಒಬ್ಬ ಓದುಗ, ಜತ್ತ, ಸಾಂಗ್ಲಿ ಜಿಲ್ಲೆ