ಮಗಳಿಗೊಂದು ಪತ್ರ: 37ನೇ ನಂಬರಿನ ಅಂಗಿ

ಪುಟ್ಟಿ,

ಕಳೆದ ಡಿಸೆಂಬರ್‌ನಲ್ಲಿ ಆರೋಹೆಡ್ ಸ್ಟೇಡಿಯಂನಲ್ಲಿ ಚಳಿಗೆ ನಡುಗುತ್ತಾ ಕೂತಿದ್ದಾಗ ನೀನೊಂದು ಪ್ರಶ್ನೆ ಕೇಳಿದ್ದೆ, ನೆನಪಿದೆಯಾ? ಅಮೆರಿಕನ್ ಫುಟ್ಬಾಲ್ ಆಡೋ ಚೀಫ್ಸ್ ತಂಡದ ದೊಡ್ಡ ಆಟಗಾರರ ಹೆಸರುಗಳನ್ನು ಅಲ್ಲಿ ಸುತ್ತಲೂ ಬರೆದಿದ್ದಾರಲ್ಲ, ಅದರಲ್ಲಿ ಜೋ ಡೆಲೇನಿ ಅಂತ ಒಂದು ಹೆಸರು. ಪಕ್ಕದ ಸೀಟಿನ ತಾತ "ಅವನು ಆಡಿದ್ದು ಎರಡೇ ಸೀಸನ್" ಅಂದರು. "ಎರಡೇ ವರ್ಷಕ್ಕೆ ಹೆಸರು ಬರೆದಿದ್ದಾರಾ ಅಮ್ಮ?" ಅಂತ ನೀನು ಕೇಳಿದೆ. ಅಷ್ಟರಲ್ಲಿ ಜನ ಎದ್ದು ಕೂಗಿದರು, ಮಾತು ಅಲ್ಲಿಗೇ ನಿಂತಿತು.

ಈಗ ನೀನು ಈಜುಕೊಳದಲ್ಲಿ ಲೈಫ್‌ಗಾರ್ಡ್ ಕೆಲಸಕ್ಕೆ ಹೊರಟಿದ್ದೀಯ. ಆ ಪ್ರಶ್ನೆಗೆ ಉತ್ತರ ಕೊಡದೆ ನಿನ್ನನ್ನು ಕಳಿಸೋಕೆ ನನಗೆ ಮನಸ್ಸಿಲ್ಲ.

ಜೋ ಹುಟ್ಟಿದ್ದು 1958ರಲ್ಲಿ, ಟೆಕ್ಸಸ್‌ನಲ್ಲಿ. ಬೆಳೆದದ್ದು ಲೂಸಿಯಾನದ ಹಾಟನ್ ಅನ್ನೋ ಸಣ್ಣ ಊರಿನಲ್ಲಿ. ಎಂಟು ಮಕ್ಕಳ ಮನೆ. ಹುಡುಗ ಅಷ್ಟೇನೂ ದಪ್ಪ ಇಲ್ಲ, ಆದರೆ ಓಡೋಕೆ ನಿಂತರೆ ಹಿಡಿಯೋರಿಲ್ಲ. ನಾರ್ತ್‌ವೆಸ್ಟರ್ನ್ ಸ್ಟೇಟ್ ಕಾಲೇಜಿನಲ್ಲಿ ಫುಟ್ಬಾಲ್ ಜೊತೆಗೆ ರಿಲೇ ಓಟದಲ್ಲೂ ಇದ್ದ. 1981ರಲ್ಲಿ ಇವರ ತಂಡ ದೇಶದ ಎಲ್ಲ ಕಾಲೇಜುಗಳನ್ನೂ ಹಿಂದೆ ಹಾಕಿ ರಿಲೇ ಗೆದ್ದಿತು. ಅದೇ ವರ್ಷ ಚೀಫ್ಸ್ ಅವನನ್ನು ಹೊಸ ಆಟಗಾರರ ಆಯ್ಕೆಯ ಎರಡನೇ ಸುತ್ತಿನಲ್ಲಿ ಆರಿಸಿಕೊಂಡಿತು.

ಜೋ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಮುನ್ನುಗ್ಗಿ ಓಡೋ ಆಟಗಾರ; ಆ ಕೆಲಸ ಏನು ಅಂತ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ನಾನು ಒಂದು ಲೆಕ್ಕ ಹಾಕಿ ನೋಡಿದೆ. ಮೊದಲ ವರ್ಷವೇ ಜೋ 1,121 ಗಜ ಓಡಿದ. ಆ ತಂಡದಲ್ಲಿ ಅಲ್ಲಿಯವರೆಗೆ ಒಂದು ಸೀಸನ್‌ನಲ್ಲಿ ಯಾರೂ ಅಷ್ಟು ಓಡಿರಲಿಲ್ಲ. ಅದು ಒಂದು ಕಿಲೋಮೀಟರ್‌ಗಿಂತ ಚೂರು ಜಾಸ್ತಿ, ಅಷ್ಟೇ. ನಮ್ಮ ಮನೆಯಿಂದ ನಿನ್ನ ಸ್ಕೂಲಿಗೆ ಆಗುವಷ್ಟು ದೂರ. ಅಷ್ಟು ದೂರಕ್ಕೆ ಅವನು 234 ಸಲ ಚೆಂಡನ್ನು ಎದೆಗೆ ಒತ್ತಿಕೊಂಡು, ತನಗಿಂತ ಎಷ್ಟೋ ದೊಡ್ಡ ಗಂಡಸರ ಗೋಡೆಗೆ ನುಗ್ಗಿದ್ದಾನೆ. ಹ್ಯೂಸ್ಟನ್ ಆಯ್ಲರ್ಸ್ ವಿರುದ್ಧ ಒಂದೇ ದಿನ 193 ಗಜ. ಮೊದಲ ವರ್ಷದಲ್ಲೇ ಲೀಗಿನ ಅತ್ಯುತ್ತಮ ಆಟಗಾರರು ಆಡೋ ಪ್ರೋ ಬೌಲ್‌ಗೂ ಆಯ್ಕೆಯಾದ.

ಎರಡನೇ ವರ್ಷ ಆಟಗಾರರ ಮುಷ್ಕರ, ಸೀಸನ್ ಒಂಬತ್ತೇ ಪಂದ್ಯಕ್ಕೆ ಮುಗಿಯಿತು. ಆ ಸುಮಾರಿಗೆ ಕಣ್ಣಿನ ಆಪರೇಷನ್ ಕೂಡ ಆಯ್ತು. ಮುಂದಿನ ವರ್ಷ ನೋಡೋಣ ಅಂತ ಎಲ್ಲರೂ ಅಂದುಕೊಂಡಿರಬೇಕು.

1983, ಜೂನ್ 29. ಲೂಸಿಯಾನದ ಮನ್ರೋ ಊರಿನ ಪಾರ್ಕು. ಬೇಸಿಗೆ. ಕಟ್ಟಡದ ಕೆಲಸಕ್ಕೆ ತೋಡಿದ ಹೊಂಡದಲ್ಲಿ ನೀರು ನಿಂತಿತ್ತು. ಅಂಚಿನಲ್ಲಿ ಕಾಲಿಗೆ ನೆಲ ಸಿಗುತ್ತದೆ, ಮುಂದೆ ಹೋದರೆ ದಿಢೀರನೆ ಆಳ. ಮೂವರು ಹುಡುಗರು ಇಳಿದಿದ್ದರು. ಕಾಪಾಡಿ ಅನ್ನೋ ಕೂಗು ಕೇಳಿ ಜೋ ಓಡಿದ. ನಿನಗೆ ಈಜು ಬರುತ್ತಾ ಅಂತ ಅಲ್ಲಿದ್ದ ಒಬ್ಬ ಹುಡುಗ ಕೇಳಿದನಂತೆ. ಸರಿಯಾಗಿ ಬರಲ್ಲ, ಆದರೆ ಆ ಮಕ್ಕಳನ್ನು ಉಳಿಸಲೇಬೇಕು ಅಂತ ಹೇಳಿ ಧುಮುಕಿದ. ಒಬ್ಬ ಹುಡುಗ ಹೇಗೋ ದಡ ಸೇರಿದ. ಇನ್ನಿಬ್ಬರು ಉಳಿಯಲಿಲ್ಲ. ಜೋ ಮೇಲೆ ಬರಲೇ ಇಲ್ಲ. ಅವನಿಗೆ 24 ವರ್ಷ. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು, ಕೊನೆಯದು ಇನ್ನೂ ಹಸುಗೂಸು.

ಮೊದಲ ಸಲ ಇದನ್ನು ಓದಿದಾಗ ನನಗೆ ಅವನ ಮೇಲೆ ಸಿಟ್ಟು ಬಂತು, ಪುಟ್ಟಿ. ಆ ಮೂರು ಮಕ್ಕಳ ಅಮ್ಮನ ಜಾಗದಲ್ಲಿ ನಿಂತು ಸಿಟ್ಟು ಮಾಡಿಕೊಂಡೆ. ಆಮೇಲೆ ಆ ಹುಡುಗರ ಅಮ್ಮಂದಿರ ಜಾಗದಲ್ಲಿ ನಿಂತೆ. ಸಿಟ್ಟು ಉಳಿಯಲಿಲ್ಲ. ಅವತ್ತು ರಾತ್ರಿ ನಿನ್ನ ರೂಮಿನ ಬಾಗಿಲು ಸ್ವಲ್ಪ ತೆಗೆದು, ನೀನು ಮಲಗಿದ್ದನ್ನು ನೋಡಿ ಬಂದೆ.

ಈಜು ಯಾಕೆ ಬರಲಿಲ್ಲ ಅಂತ ಯೋಚನೆ ಹತ್ತಿತು. ಜೋ ಕರಿಯರ ಮನೆಯ ಹುಡುಗ, ಅವನು ಬೆಳೆದ ಕಾಲ ಎಂಥದ್ದು ನೋಡು. ಪಕ್ಕದ ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ಕರಿಯರನ್ನೂ ಬಿಡಬೇಕಾಗುತ್ತೆ ಅಂತ ಊರಿನ ಈಜುಕೊಳಗಳನ್ನೇ ಮುಚ್ಚಿಬಿಟ್ಟರು. 1971ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದು ತಪ್ಪಲ್ಲ ಅಂತು. ದಕ್ಷಿಣದ ಎಷ್ಟೋ ಊರುಗಳಲ್ಲಿ ಹೀಗೇ ಆಯ್ತು. ಕರಿಯರ ಮಕ್ಕಳು ಕಲಿಯೋದಾದರೂ ಎಲ್ಲಿ?

ನಮ್ಮೂರಲ್ಲೂ ಯಾವ ಬಾವಿಗೆ ಯಾರು ಇಳಿಯಬಹುದು ಅನ್ನೋ ಲೆಕ್ಕ ಇತ್ತು. ಇಳಿಯಬಹುದಾದ ಮನೆಗಳಲ್ಲೂ ಹೆಣ್ಣುಮಕ್ಕಳಿಗೆ ಇಲ್ಲ. ನಿನ್ನ ಮಾವನ ಸೊಂಟಕ್ಕೆ ಬೆಂಡು ಕಟ್ಟಿ, ತಾತ ತೋಟದ ಬಾವಿಗೆ ತಳ್ಳುತ್ತಿದ್ದರು. ನಾನು ಮೇಲಿನ ಮೆಟ್ಟಿಲ ಮೇಲೆ ಅವನ ಬಟ್ಟೆ ಹಿಡಿದು ಕೂರುತ್ತಿದ್ದೆ. ಒಂದು ಸಲ ಪಕ್ಕದ ಮನೆ ಹುಡುಗ ಕೆರೆ ಏರಿಯಿಂದ ಜಾರಿ ಬಿದ್ದ. ಬಟ್ಟೆ ಒಗೆಯುತ್ತಿದ್ದ ನಿಂಗಮ್ಮಜ್ಜಿ ನೀರಿಗೆ ಇಳಿಯಲಿಲ್ಲ. ಕೈಲಿದ್ದ ಒದ್ದೆ ಸೀರೆಯ ಒಂದು ತುದಿ ಹಿಡಿದು ಇನ್ನೊಂದನ್ನು ಬೀಸಿ ಎಸೆದಳು. ಹುಡುಗ ಅದನ್ನು ಹಿಡಿದುಕೊಂಡ, ಅವಳು ಎಳೆದುಕೊಂಡಳು. ಅವಳಿಗೂ ಈಜು ಬರುತ್ತಿರಲಿಲ್ಲ.

ಹೋದ ವಾರ ನೀನು ಟ್ರೈನಿಂಗ್‌ನಿಂದ ಬಂದು ಆ ಕೆಂಪು ಟ್ಯೂಬ್ ತೋರಿಸಿದೆಯಲ್ಲ? ಮೊದಲು ಏನಾದರೂ ಚಾಚು, ಆಗದಿದ್ದರೆ ಎಸೆ, ನೀರಿಗೆ ಇಳಿಯೋದು ಕೊನೆಗೆ ಅಂತ ಹೇಳಿದಾಗ ನಿಂಗಮ್ಮಜ್ಜಿಯೇ ಎದುರಿಗೆ ಬಂದ ಹಾಗಾಯ್ತು. ಆ ಪಾರ್ಕಿನಲ್ಲಿ ಜೋ ಕೈಗೆ ಯಾರಾದರೂ ಒಂದು ಹಗ್ಗ ಕೊಟ್ಟಿದ್ದರೆ ಅಂತ ಎಷ್ಟು ಸಲ ಅಂದುಕೊಂಡೆನೋ. ಧುಮುಕಬೇಡ ಅಂತ ನಿನಗೆ ಹೇಳೋಕೆ ನನ್ನ ಬಾಯಿ ಬರುತ್ತಿಲ್ಲ. ಧುಮುಕೋ ಹೊತ್ತಿಗೆ ಆ ಟ್ಯೂಬ್ ನಿನ್ನ ತೋಳಿನಡಿ ಇರಲಿ. ಶಿಳ್ಳೆ ಊದಿ ಇನ್ನೊಬ್ಬರನ್ನು ಕರೆದಿರು. ಬೇಸರ ಬಂದರೂ ಪ್ರಾಕ್ಟೀಸ್ ತಪ್ಪಿಸಬೇಡ.

ಅಧ್ಯಕ್ಷ ರೇಗನ್ ಆ ಜುಲೈನಲ್ಲೇ ಜೋಗೆ ಮರಣೋತ್ತರ ಪದಕ ಕೊಟ್ಟರು. ಚೀಫ್ಸ್‌ನಲ್ಲಿ ಅಂದಿನಿಂದ ಯಾರಿಗೂ ಅವನು ಹಾಕುತ್ತಿದ್ದ 37ನೇ ನಂಬರಿನ ಅಂಗಿ ಕೊಟ್ಟಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಆ ನಂಬರಿನ ಹೆಸರಿನಲ್ಲೇ ಒಂದು ಸಂಸ್ಥೆ ಮಾಡಿ, ಬಡ ಮಕ್ಕಳಿಗೆ ಈಜು ಕಲಿಸೋಕೆ ಹೊರಟರು.

ಶನಿವಾರ ನಿನ್ನ ಮೊದಲ ಡ್ಯೂಟಿ ಅಲ್ವಾ? ಚಿತ್ರಾನ್ನ ಕಟ್ಟಿಕೊಡುತ್ತೀನಿ, ಬಿಸಿಲಿಗೆ ಟೋಪಿ ಮರೆಯಬೇಡ. ಇನ್ನೊಂದು ಮಾತು. ನಾನು ಮೂರು ವರ್ಷದಿಂದ ಕೊಳದ ಅಂಚು ಹಿಡಿದುಕೊಂಡೇ ಈಜುತ್ತಿದ್ದೀನಿ. ಭಾನುವಾರ ನಿನಗೆ ರಜೆ ಇದ್ದರೆ ಆಳದ ಕಡೆಗೆ ಕರ್ಕೊಂಡು ಹೋಗು. ನೀನು ಪಕ್ಕದಲ್ಲಿದ್ದರೆ ಕೈ ಬಿಡುತ್ತೀನಿ.

ನಿನ್ನ
ಅಮ್ಮ