ಮೆಶಿನ್ ಒಂದೇ ಸಮನೆ ಟ್ರಿಪ್ ಆಗೋದು ಹೇಗೆ ಮಾರಾಯ?

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ಓದಿ ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು. ಲಾಗ್ ಬುಕ್ಕಿನಲ್ಲಿ ನೀನು ‘ಕಂಪ್ರೆಸರ್ ಈಸ್ ಟ್ರಿಪ್ಪಿಂಗ್ ಕಂಟಿನ್ಯುಯಸ್ಲಿ’ ಅಂತ ಬರೆದೆ, ಅಂದರೆ ಕಂಪ್ರೆಸರ್ ಒಂದೇ ಸಮನೆ ತಾನಾಗಿ ನಿಂತುಹೋಗ್ತಿದೆ ಅಂತ. ನಿಮ್ಮ ಸಾಹೇಬರು ಅದನ್ನು ಎಲ್ಲರ ಮುಂದೆ ಓದಿ ನಕ್ಕರು. ತಪ್ಪೇನು ಅಂತ ಮಾತ್ರ ಹೇಳಲಿಲ್ಲ. ನಕ್ಕವರಿಗೂ ಅದು ಗೊತ್ತಿತ್ತೋ ಇಲ್ಲವೋ, ನನಗೆ ಅನುಮಾನ.

ನಿಮ್ಮ ಮೋಟರಿನ ನೇಮ್ ಪ್ಲೇಟ್ ನೋಡು. ಡ್ಯೂಟಿ ಅಂತ ಇರುವ ಕಡೆ ಎಸ್1 ಅಂತಿದ್ದರೆ ಅದು ಕಂಟಿನ್ಯುಯಸ್ ಡ್ಯೂಟಿ, ನಿಲ್ಲಿಸದೆ ಓಡಿಸಬಹುದು. ಎಸ್3 ಅಂದರೆ ಇಂಟರ್ಮಿಟೆಂಟ್. ಓಡು, ನಿಲ್ಲು, ಮತ್ತೆ ಓಡು. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಈಗ ನೀನೇ ಹೇಳು, ಒಂದು ಸಲ ಟ್ರಿಪ್ ಆದ ಮೆಶಿನ್ ನಡುವೆ ಓಡದೆ ಮತ್ತೆ ಟ್ರಿಪ್ ಆಗುತ್ತಾ? ಅದು ಓಡುತ್ತೆ, ನಿಲ್ಲುತ್ತೆ, ನೀನು ರಿಸೆಟ್ ಮಾಡ್ತೀಯ, ಮತ್ತೆ ನಿಲ್ಲುತ್ತೆ. ನಡುನಡುವೆ ಬಿಡುವಿದೆ. ಅದಕ್ಕೆ ಬೇಕಾದ ಮಾತು ಕಂಟಿನ್ಯುಅಲಿ. ಕಂಟಿನ್ಯುಯಸ್ಲಿ ಅಂದರೆ ಎಡೆಬಿಡದೆ, ಕಂಟಿನ್ಯುಅಲಿ ಅಂದರೆ ಪದೇ ಪದೇ. ಇಷ್ಟೇ.

ನಿಜ ಹೇಳಬೇಕಂದರೆ ತಪ್ಪು ನಿನ್ನದಲ್ಲ, ನಮ್ಮಂಥ ಮೇಷ್ಟ್ರುಗಳದು. ಪ್ರೆಸೆಂಟ್ ಕಂಟಿನ್ಯುಯಸ್, ಪಾಸ್ಟ್ ಕಂಟಿನ್ಯುಯಸ್ ಅಂತ ಬಾಯಿಪಾಠ ಮಾಡಿಸಿದ್ದೇ ಮಾಡಿಸಿದ್ದು. ನಡೀತಾ ಇರೋದೆಲ್ಲ ಕಂಟಿನ್ಯುಯಸ್ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಕಂಟಿನ್ಯುಅಲ್ ಅನ್ನೋ ಪದ ಬೋರ್ಡಿನ ಮೇಲೆ ಬಂದದ್ದೇ ಕಮ್ಮಿ.

ಹಾಗಂತ ಇಂಗ್ಲಿಷಿನವರೂ ಈ ಗೆರೆಯನ್ನು ಯಾವಾಗಲೂ ಪಾಲಿಸುತ್ತಾರೆ ಅಂದುಕೊಳ್ಳಬೇಡ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಇದೆಯಲ್ಲ, ಪಕ್ಕದ ಮನೆಯವರ ಜಾಗದ ಮೇಲೆ ನಮಗಿರುವ ಹಕ್ಕುಗಳದ್ದು. ಅದರ 5ನೇ ಸೆಕ್ಷನ್ನಿನಲ್ಲಿ ಕಂಟಿನ್ಯುಯಸ್ ಈಸ್‌ಮೆಂಟ್ ಅಂದರೇನು ಅಂತ ವಿವರಿಸುವಾಗ ಬಳಸಿರುವ ಪದವೇ ಕಂಟಿನ್ಯುಅಲ್! ಕಿಟಕಿಯಿಂದ ಬರುವ ಬೆಳಕಿನ ಹಕ್ಕು ಕಂಟಿನ್ಯುಯಸ್ ಅಂತೆ, ಪಕ್ಕದವರ ಜಾಗದಲ್ಲಿ ಓಡಾಡುವ ದಾರಿಯ ಹಕ್ಕು ಡಿಸ್‌ಕಂಟಿನ್ಯುಯಸ್. ದಾರಿಗೆ ಯಾರಾದರೂ ನಡೆಯಬೇಕು, ಬೆಳಕು ತಾನಾಗಿ ಬರುತ್ತದೆ. ರಾತ್ರಿ ಬೆಳಕು ಎಲ್ಲಿ ಬರುತ್ತೆ ಅಂತ ಕೇಳಬೇಡ, ಅದನ್ನು ವಕೀಲರ ಹತ್ತಿರ ಕೇಳು.

ನನಗೆ ಖುಷಿ ಕೊಡೋದು ಬೇರೆ ವಿಷಯ. ಈ ಪದಗಳ ಒಳಗೆ ಇರುವ ಲೆಕ್ಕ ನಮ್ಮ ಮಾತಿನಲ್ಲಿ ಆಗಲೇ ಇದೆ. ನಿರಂತರ ಅಂದರೆ ಅಂತರ ಇಲ್ಲದ್ದು. ಎಡೆಬಿಡದೆ ಅನ್ನೋದೂ ಅದೇ, ಎಡೆ ಅಂದರೆ ಸಂದು. ಇಂಗ್ಲಿಷಿನ ಇನ್‌ಸೆಸೆಂಟ್ಲಿ ಅನ್ನುವುದರ ಒಳಗೆ ಲ್ಯಾಟಿನ್ನಿನ ‘ನಿಲ್ಲಿಸು’ ಇದೆ, ಅದರ ಹಿಂದೆ ‘ಇಲ್ಲ’ ಇದೆ. ನಮ್ಮ ಅವಿರತ ಕೂಡ ಹಾಗೇ ಕಟ್ಟಿದ್ದು. ಕಾನ್‌ಸ್ಟಂಟ್ಲಿಯ ಬೇರು ‘ನಿಲ್ಲು’, ನಮ್ಮ ಸ್ಥಿರ ಅದರ ದೂರದ ನೆಂಟ. ಇನ್ನು ಸತತ. ಅದರಲ್ಲಿರೋದು ಸಂಸ್ಕೃತದ ‘ತನ್’, ಅಂದರೆ ಹಿಗ್ಗಿಸು, ಚಾಚು. ಕಂಟಿನ್ಯುಯಸ್ಸಿನ ನಡುವೆ ಇರುವ ‘ಟಿನ್’ ಕೂಡ ಅದೇ ಹಳೆಯ ಬೇರಿನದು.

ಆದರೆ ಇದೇ ಸತತ ನಮ್ಮನ್ನು ಹಳ್ಳಕ್ಕೆ ಬೀಳಿಸೋದು. ಮೂರು ದಿನ ಸತತ ಮಳೆ ಅಂದರೆ ಕಂಟಿನ್ಯುಯಸ್ಲಿ ಸರಿ. ಸತತ ಮೂರನೇ ಸಲ ಸೋತರು ಅಂದಾಗ? ಪ್ರತಿ ಸೋಲಿನ ನಡುವೆ ದಿನಗಳಿವೆ. ಅಲ್ಲಿ ಕಾನ್‌ಸೆಕ್ಯುಟಿವ್ಲಿ ಅನ್ನಬೇಕು, ಅಥವಾ ಸುಮ್ನೆ ‘ಇನ್ ಎ ರೋ’. ಪರೀಕ್ಷೆ ಪೇಪರುಗಳಲ್ಲಿ ಈ ತಪ್ಪನ್ನು ಎಷ್ಟು ತಿದ್ದಿದ್ದೇನೋ ಲೆಕ್ಕವಿಲ್ಲ.

ಸಿಟ್ಟಿನ ವಿಷಯವೂ ಒಂದಿದೆ. ‘ಹಿ ಆಲ್ವೇಸ್ ಬಾರೋಸ್ ಮೈ ಸ್ಪ್ಯಾನರ್’ ಅಂದರೆ ಬರೀ ಸಂಗತಿ. ‘ಹಿ ಈಸ್ ಆಲ್ವೇಸ್ ಬಾರೋಯಿಂಗ್ ಮೈ ಸ್ಪ್ಯಾನರ್’ ಅಂದರೆ ಸಾಮಾನ್ಯವಾಗಿ ಗೊಣಗಾಟ. ಯಾವಾಗ ನೋಡಿದ್ರೂ ನನ್ನ ಸ್ಪ್ಯಾನರ್ ಕೇಳ್ತಾನೇ ಇರ್ತಾನೆ ಅಂತ. ನಮ್ಮ ‘ಕೇಳ್ತಾನೇ ಇರ್ತಾನೆ’ಯಲ್ಲಿರುವ ಕಿರಿಕಿರಿ ಅಲ್ಲಿ ಆಲ್ವೇಸ್ ಜೊತೆಗಿನ ‘ಇಂಗ್’ನಲ್ಲಿದೆ. ಇನ್‌ಸೆಸೆಂಟ್ಲಿಯಲ್ಲೂ ಈ ಬೇಸರ ಇರುತ್ತೆ. ಹಾಗಾಗಿ ‘ಅವರು ಇನ್‌ಸೆಸೆಂಟ್ಲಿ ಮಾತಾಡುತ್ತಾರೆ’ ಅಂತ ನಿಮ್ಮ ಸಾಹೇಬರ ಬಗ್ಗೆ ಹೊಗಳಿಕೆಗೆ ಬರೆದುಬಿಟ್ಟೀಯ, ಜೋಕೆ.

‘ಇನ್ನೂ’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಎರಡು ಪದ. ಮೋಟರ್ ಇನ್ನೂ ಓಡ್ತಿದೆ ಅಂದರೆ ಸ್ಟಿಲ್. ಸ್ಪೇರ್ ಪಾರ್ಟ್ ಇನ್ನೂ ಬಂದಿಲ್ಲ ಅಂದರೆ ಯೆಟ್. ಅಲ್ಲೂ ಸ್ಟಿಲ್ ಹಾಕಬಹುದು, ‘ಇಟ್ ಸ್ಟಿಲ್ ಹ್ಯಾಸಂಟ್ ಕಮ್’. ಆಗ ಕಾದು ಕಾದು ಸಾಕಾಗಿದೆ ಅನ್ನೋದು ಜಾಸ್ತಿ ಕೇಳಿಸುತ್ತೆ.

ನೀನು ಪ್ರೆಸೆಂಟ್ಲಿ ಬಗ್ಗೆಯೂ ಕೇಳಿದ್ದೆ. ನಮ್ಮ ಆಫೀಸುಗಳಲ್ಲಿ ಅದಕ್ಕೆ ‘ಸದ್ಯ’ ಅನ್ನೋ ಅರ್ಥ, ಅಮೆರಿಕದಲ್ಲೂ ಹಾಗೇ. ಬ್ರಿಟಿಷರ ಬಾಯಲ್ಲಿ ಬಹಳ ಕಾಲದಿಂದ ಅದು ‘ಇನ್ನು ಸ್ವಲ್ಪ ಹೊತ್ತಿನಲ್ಲಿ’. ಮೊದಲು ‘ಈಗಲೇ’ ಎಂದಿದ್ದ ಪದ ಹೇಗೆ ‘ಆಮೇಲೆ’ ಆಯಿತು ಅಂತ ಆಶ್ಚರ್ಯ ಬೇಡ. ‘ಈಗ ಬಂದೆ’ ಅಂತ ಹೇಳಿ ಒಂದು ಗಂಟೆ ಬಿಟ್ಟು ಬರೋರು ನಾವು ತಾನೇ. ಅವರ ‘ಸೂನ್’ ಕೂಡ ಹಳೆಯ ಇಂಗ್ಲಿಷಿನಲ್ಲಿ ‘ತಕ್ಷಣ’ ಅಂತಲೇ ಇದ್ದದ್ದು. ಮನುಷ್ಯರ ಸೋಮಾರಿತನಕ್ಕೆ ಪದಗಳೂ ಹೊಂದಿಕೊಂಡವು, ಅಷ್ಟೇ. ಅನುಮಾನ ಬಂದರೆ ಕರೆಂಟ್ಲಿ ಅಂತ ಬರಿ, ಯಾರಿಗೂ ಗೊಂದಲವಾಗೋದಿಲ್ಲ.

ಲಾಗ್ ಬುಕ್ಕಿಗೆ ನಾನಾಗಿದ್ದರೆ ಇದ್ಯಾವ ಪದವನ್ನೂ ಬರೀತಿರಲಿಲ್ಲ. ‘ಕಂಪ್ರೆಸರ್ ಕೀಪ್ಸ್ ಟ್ರಿಪ್ಪಿಂಗ್’ ಅಂತ ಮುಗಿಸಿ, ಶಿಫ್ಟಿನಲ್ಲಿ ಎಷ್ಟು ಸಲ, ಎಷ್ಟು ಹೊತ್ತಿಗೆ ಅಂತ ಪಕ್ಕದಲ್ಲಿ ಹಾಕುತ್ತಿದ್ದೆ. ಮುಂದಿನ ಶಿಫ್ಟಿನವನಿಗೆ ಬೇಕಾದದ್ದು ಅದೇ ಅಲ್ವಾ?

ಕೊನೆಗೆ ಏನಾಗಿತ್ತು ಅದಕ್ಕೆ? ಲೋಡ್ ಜಾಸ್ತಿಯಾದರೆ ಮೋಟರ್ ನಿಲ್ಲಿಸೋ ಓವರ್‌ಲೋಡ್ ರಿಲೇನೇ ಕೆಟ್ಟಿತ್ತಾ, ಇಲ್ಲ ನಿಜವಾಗಿ ಲೋಡೇ ಜಾಸ್ತಿ ಆಗ್ತಿತ್ತಾ? ಬರಿ.

ನಿನ್ನ ಗೆಳೆಯ